ಎರಡು ಹಾಳೆಗಳ ನಡುವೆ ಮೂರು ವರ್ಷ

ಆಗಸ್ಟ್ ಮೊದಲ ವಾರ ಕಾಲೇಜಿನ ಕಚೇರಿಯಿಂದ ನೇಮಕಾತಿ ಆದೇಶ ತಂದು ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಹಿಂದಿನ ವರ್ಷ ಬಂದಿದ್ದ ವಿನ್ಯಾಸ ನೋಂದಣಿಯ ಪ್ರಮಾಣಪತ್ರವಿತ್ತು, ಅದರ ಮೇಲೆ ಅಡಿಕೆ ಹಾಳೆಯಿಂದ ಒತ್ತಿದ ಒಂದು ದೋಸೆ ಡಬ್ಬಿ. ಈ ಮೂರೂ ಒಂದೇ ಮೇಜಿಗೆ ಬರಲು ಮೂರು ವರ್ಷ ಹಿಡಿಯಿತು. ಬೆಂಗಳೂರು, ಪುಣೆಗಳಲ್ಲಿ ಉತ್ಪನ್ನ ವಿನ್ಯಾಸದ ಕೆಲಸದಲ್ಲಿದ್ದು, ಊರಿಗೆ ಮರಳಿ ಏನಾದರೂ ಮಾಡಬೇಕು, ಮಕ್ಕಳಿಗೆ ಕಲಿಸಬೇಕು ಎಂದುಕೊಂಡವರು ಇತ್ತೀಚೆಗೆ ನನಗೆ ಆಗಾಗ ಫೋನು ಮಾಡುತ್ತಾರೆ. ಎಲ್ಲರದೂ ಹೆಚ್ಚುಕಡಿಮೆ ಅದೇ ಪ್ರಶ್ನೆಗಳು: ಮಾಡಿದ ವಿನ್ಯಾಸವನ್ನು ನೋಂದಣಿ ಮಾಡಿಸುವುದು ಹೇಗೆ, ಪಿಎಚ್‌.ಡಿ. ಇಲ್ಲದೆ ಕಾಲೇಜಿನಲ್ಲಿ ಕಲಿಸುವ ಕೆಲಸ ಸಿಗುವುದು ಹೇಗೆ. ನಾನು ಎಡವಿದ ಕಲ್ಲಿಗೇ ಅವರೂ ಎಡವುವುದು ಬೇಡ ಎಂದು ಇದನ್ನೆಲ್ಲ ಬರೆದಿಡುತ್ತಿದ್ದೇನೆ.

ನಮ್ಮದು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ ಎರಡೂವರೆ ಎಕರೆ ಅಡಿಕೆ ತೋಟ. ಹಾಳೆ, ಅಂದರೆ ಅಡಿಕೆ ಸೋಗೆಯ ಬುಡದ ಅಗಲವಾದ ಪದರ, ಎಂದರೆ ನಮಗೆ ಮೊದಲು ನೆನಪಾಗುವುದು ಆಟ. ಒಬ್ಬರನ್ನು ಹಾಳೆಯ ಮೇಲೆ ಕೂರಿಸಿ, ಸೋಗೆಯ ತುದಿ ಹಿಡಿದು ತೋಟದ ತುಂಬ ಎಳೆಯುತ್ತಿದ್ದೆವು. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದೆ. ವಿನ್ಯಾಸದ ಪ್ರವೇಶ ಪರೀಕ್ಷೆ ಬರೆದು ಸ್ನಾತಕೋತ್ತರ ಪದವಿ ಮುಗಿಸಿ 2006ರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದೆ. ಮೊದಲ ಐದು ವರ್ಷ ಏಳೆಂಟು ಜನರ ಒಂದು ಸಣ್ಣ ಸ್ಟುಡಿಯೋ, ನಂತರದ ಹನ್ನೊಂದು ವರ್ಷ ಅಡುಗೆಮನೆ ಉಪಕರಣ ತಯಾರಿಸುವ ಒಂದು ಕಂಪನಿ. ಅಮ್ಮನಿಗೆ ನನ್ನ ಉದ್ಯೋಗ ಏನೆಂದು ಬಹಳ ಕಾಲ ತಿಳಿಸಲು ಆಗಿರಲಿಲ್ಲ. ಕೊನೆಗೊಂದು ದಿನ ಮಿಕ್ಸಿಯ ಜಾರು ತೋರಿಸಿ, "ಈ ಹಿಡಿ ಒದ್ದೆ ಕೈಯಿಂದ ಜಾರದ ಹಾಗೆ ಯೋಚಿಸಿ ಮಾಡಿದವಳು ನಾನು" ಎಂದೆ. ಅವರು ಅದನ್ನು ಹಿಡಿದು ನೋಡಿ, "ಹಾಗಾದರೆ ಇದರ ತಳದ ರಬ್ಬರು ಬೇಗ ಸವೆಯುತ್ತದಲ್ಲ, ಅದನ್ನು ಮಾತ್ರ ಯಾಕೆ ಮಾರುವುದಿಲ್ಲ?" ಎಂದು ಕೇಳಿದರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಂಪನಿಯ ಸಭೆಗಳಲ್ಲಿ ನಾನು ಅದನ್ನೇ ಎತ್ತುತ್ತಿದ್ದೆ. ಸ್ಕ್ರೂ ಇದ್ದರೆ ಬಿಚ್ಚಿ ಸರಿಪಡಿಸಬಹುದು, ಅಂಟಿಸಿಬಿಟ್ಟರೆ ಎಸೆಯಬೇಕು. ಅಂಟಿಸುವುದು ಅಗ್ಗ, ಹಾಗಾಗಿ ಪ್ರತಿ ಬಾರಿಯೂ ಅಂಟೇ ಗೆಲ್ಲುತ್ತಿತ್ತು. ಒಂದು ವಸ್ತು ಎಷ್ಟು ವರ್ಷ ಬಾಳಬೇಕು, ಸತ್ತ ಮೇಲೆ ಎಲ್ಲಿಗೆ ಹೋಗಬೇಕು ಎಂಬುದು ಅದರ ಮೊದಲ ರೇಖಾಚಿತ್ರದಲ್ಲೇ ತೀರ್ಮಾನವಾಗಿಬಿಡುತ್ತದೆ ಎಂದು ನನಗೆ ಮನದಟ್ಟಾದದ್ದು ಆ ಸಭೆಗಳಲ್ಲಿ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳ ಮೇಲೆ ದೇಶದಾದ್ಯಂತ ನಿಷೇಧ ಬಂದಿತು. ಕರ್ನಾಟಕ 2016ರಲ್ಲೇ ನಿಷೇಧ ತಂದಿತ್ತಾದರೂ ಅಂಗಡಿಗಳಲ್ಲಿ ಅದರ ಗುರುತು ಕಡಿಮೆಯಿತ್ತು. ಈ ಸಲವಾದರೂ ಬದಲಿ ವಸ್ತು ಬೇಕಾಗುತ್ತದೆ, ಅದು ನಮ್ಮ ತೋಟದಲ್ಲೇ ಬಿದ್ದಿದೆ ಎಂದು ಧೈರ್ಯ ಮಾಡಿ ಆ ವರ್ಷವೇ ರಾಜೀನಾಮೆ ಕೊಟ್ಟೆ. ದಾವಣಗೆರೆಯ ವಿದ್ಯಾನಗರದಲ್ಲಿ ಎರಡು ಕೋಣೆಯ ಮನೆ ಹಿಡಿದೆ. ಒಂದು ಕೋಣೆ ಮಲಗಲು, ಇನ್ನೊಂದು ಕೆಲಸಕ್ಕೆ.

ಅಡಿಕೆ ಹಾಳೆಯ ತಟ್ಟೆ ಹೊಸದೇನಲ್ಲ. ಮರ ತಾನಾಗಿಯೇ ಉದುರಿಸುವ ಹಾಳೆಯನ್ನು ತೊಳೆದು, ಹದಿನೈದು ಇಪ್ಪತ್ತು ನಿಮಿಷ ನೆನೆಸಿ, ಬಿಸಿ ಅಚ್ಚಿನಲ್ಲಿ ಒಂದು ನಿಮಿಷದಷ್ಟು ಒತ್ತಿದರೆ ತಟ್ಟೆ ಸಿದ್ಧ. ಅಂಟು ಬೇಡ, ಬಣ್ಣ ಬೇಡ. ಆದರೆ ತಟ್ಟೆಯನ್ನು ಬಿಟ್ಟು ಬೇರೆ ಆಕಾರ ಮಾಡಲು ಹೋದಾಗ ಹಾಳೆ ತನ್ನ ಸ್ವಭಾವ ತೋರಿಸುತ್ತದೆ. ಅದರ ನಾರು ಒಂದೇ ದಿಕ್ಕಿಗೆ ಓಡುತ್ತದೆ. ನಾರಿಗೆ ಅಡ್ಡವಾಗಿ ಹಿಗ್ಗಿಸಿದರೆ ಎರಡು ನಾರುಗಳ ನಡುವೆ ಸೀಳು ಬಿಡುತ್ತದೆ. ನಡುವೆ ದಪ್ಪ, ಅಂಚಿಗೆ ತೆಳು. ಒಂದು ಹಾಳೆಯಂತೆ ಇನ್ನೊಂದಿಲ್ಲ. ಪ್ಲಾಸ್ಟಿಕ್ಕಿನ ಜೊತೆ ಹದಿನಾರು ವರ್ಷ ಕೆಲಸ ಮಾಡಿದವಳಿಗೆ, ಹೇಳಿದಂತೆ ಕೇಳದ ಈ ವಸ್ತುವಿನ ಮುಂದೆ ಹೊಸದಾಗಿ ಅಕ್ಷರ ಕಲಿತಂತಾಯಿತು. ಮಳೆಗಾಲದಲ್ಲಿ ಇನ್ನೊಂದು ಪಾಡು. ಒಣಗದ ಹಾಳೆಗೆ ಬೂಷ್ಟು ಹಿಡಿದು ಕಪ್ಪು ಚುಕ್ಕೆ ಬೀಳುತ್ತದೆ. ಈ ದಾರಿಗೆ ಬರುವವರು ಬೇಸಿಗೆಯಲ್ಲೇ ಇಡೀ ವರ್ಷದ ಹಾಳೆ ಕೂಡಿಟ್ಟುಕೊಳ್ಳಬೇಕು. ಅದಕ್ಕೆ ಗಾಳಿಯಾಡುವ ಜಾಗದ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಾನು ಹಿಡಿದಿರಲಿಲ್ಲ. ಮೊದಲ ಮಳೆಗಾಲದಲ್ಲಿ ಕೂಡಿಟ್ಟದ್ದರಲ್ಲಿ ಅರ್ಧ ಗೊಬ್ಬರದ ಗುಂಡಿಗೆ ಹೋಯಿತು.

ಮೊದಲು ಮಾಡಿದ್ದು ಮಂಡಕ್ಕಿ ಮೆಣಸಿನಕಾಯಿಗೆಂದು ಮೂರು ಅಂಕಣದ ಒಂದು ತಟ್ಟೆ. ಸಂಜೆ ನಮ್ಮೂರಿನ ಗಾಡಿಗಳ ಮುಂದೆ ನಿಂತು ತಿನ್ನುವವರ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಮಿರ್ಚಿ. ಮೊಬೈಲು ಬಂದರೆ ಎತ್ತಲು ಕೈಯಿಲ್ಲ. ಹೆಬ್ಬೆರಳು ಕೂರಲು ಅಂಚಿನಲ್ಲಿ ಒಂದು ತಗ್ಗು, ಮಿರ್ಚಿ ಉರುಳದಂತೆ ಒಂದು ಓಣಿ, ಹೆಚ್ಚಿದ ಈರುಳ್ಳಿಗೆ ಒಂದು ಮೂಲೆ. 2023ರ ಜನವರಿಯಲ್ಲಿ ದಾವಣಗೆರೆಯಲ್ಲೇ ನಡೆದ ಒಂದು ವಸ್ತುಪ್ರದರ್ಶನದಲ್ಲಿ ಅದನ್ನು ಇಟ್ಟೆ. ಜನ ಕೈಗೆತ್ತಿಕೊಂಡು ನೋಡಿ, ಹೆಬ್ಬೆರಳು ತಾನಾಗಿಯೇ ತಗ್ಗಿನಲ್ಲಿ ಕೂತಾಗ ಮುಖ ಅರಳಿಸುತ್ತಿದ್ದರು. ಒಂದು ಸ್ಥಳೀಯ ಪತ್ರಿಕೆ ಫೋಟೋ ಸಮೇತ ಸುದ್ದಿ ಮಾಡಿತು. ಅಪ್ಪ ಆ ಪುಟವನ್ನು ಕತ್ತರಿಸಿ ದೇವರ ಕೋಣೆಯ ಬಾಗಿಲಿಗೆ ಅಂಟಿಸಿದರು.

ಬೇರೆಯವರು ಅದೇ ಆಕಾರವನ್ನು ನಕಲು ಮಾಡದಂತೆ ವಿನ್ಯಾಸದ ನೋಂದಣಿ ಮಾಡಿಸಲು ಹೊರಟಾಗ ಆ ಪುಟವೇ ಅಡ್ಡ ಬಂದಿತು. ಭಾರತದ 2000ನೇ ಇಸವಿಯ ವಿನ್ಯಾಸ ಕಾಯ್ದೆಯ ಪ್ರಕಾರ ನೋಂದಣಿಗೆ ಬರುವ ವಿನ್ಯಾಸ ಹೊಸದಾಗಿರಬೇಕು. ಅರ್ಜಿ ಹಾಕುವ ದಿನಕ್ಕೆ ಮೊದಲೇ ಅದು ಪ್ರಕಟವಾಗಿದ್ದರೆ, ಪ್ರಕಟಿಸಿದವರು ನೀವೇ ಆಗಿದ್ದರೂ, ಹೊಸತನ ಹೋಯಿತು. ಪ್ರದರ್ಶನಗಳಿಗೆ ಒಂದು ವಿನಾಯಿತಿ ಇದೆ, 21ನೇ ಕಲಮಿನಲ್ಲಿ. ಅದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ ಮಾತ್ರ. ಅಲ್ಲಿಯೂ ವಿನ್ಯಾಸ ಕಚೇರಿಯ ನಿಯಂತ್ರಕರಿಗೆ ಮುಂಚಿತವಾಗಿ ತಿಳಿಸಿರಬೇಕು, ಆರು ತಿಂಗಳೊಳಗೆ ಅರ್ಜಿ ಹಾಕಿರಬೇಕು. ನನ್ನದು ಯಾವುದೂ ಆಗಿರಲಿಲ್ಲ. ನೋಂದಣಿ ಅರ್ಜಿ ಹಾಕಿಕೊಡುವ ಬೆಂಗಳೂರಿನ ಒಬ್ಬ ಏಜೆಂಟರು, "ಪತ್ರಿಕೆಯ ಸುದ್ದಿ ಯಾರ ಕಣ್ಣಿಗೂ ಬೀಳುವುದಿಲ್ಲ, ಹಾಕಿಬಿಡೋಣ" ಎಂದರು. ನನಗೆ ಮನಸ್ಸು ಒಪ್ಪಲಿಲ್ಲ. ಹಾಗೆ ಪಡೆದ ನೋಂದಣಿಯನ್ನು ಸಂಬಂಧಪಟ್ಟ ಯಾರಾದರೂ ಪ್ರಶ್ನಿಸಿ ರದ್ದು ಮಾಡಿಸಬಹುದು. ಅದಕ್ಕಿಂತ ಹೆಚ್ಚಾಗಿ, ಸುಳ್ಳಿನ ಮೇಲೆ ನಿಂತ ಕಾಗದವೊಂದು ಮನೆಯಲ್ಲಿರುವುದು ಬೇಡವಾಗಿತ್ತು. ಆ ತಟ್ಟೆಯನ್ನು ಈಗ ಬೇರೊಂದು ಜಿಲ್ಲೆಯ ಘಟಕ ಹಾಗೆಯೇ ಒತ್ತಿ ಮಾರುತ್ತಿದೆ. ಮೊದಲ ಸಲ ಅದನ್ನು ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಕಂಡಾಗ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಹೆಬ್ಬೆರಳಿನ ತಗ್ಗು ಕೂಡ ಅಳತೆ ಬಿಡದೆ ಅದೇ.

ಆ ರಾತ್ರಿ ನನ್ನೊಳಗೇ ಒಂದು ವಾದ ನಡೆಯಿತು. ಪ್ಲಾಸ್ಟಿಕ್ ಹೋಗಿ ಹಾಳೆ ಬರಲಿ ಎಂದು ತಾನೇ ನಾನು ಊರಿಗೆ ಬಂದದ್ದು? ಯಾರೋ ಮಾಡಿ ಮಾರಿದರೆ ಒಳ್ಳೆಯದೇ ಅಲ್ಲವೆ? ಬೇಲಿ ಏಕೆ ಹಾಕಬೇಕು? ಉತ್ತರ ಸಿಕ್ಕಿದ್ದು ನಮ್ಮ ಹಳ್ಳಿಯ ಸ್ವಸಹಾಯ ಸಂಘದ ಹೆಂಗಸರಿಂದ. ಹಾಳೆ ಒತ್ತುವುದಕ್ಕೆ ನನ್ನ ಜೊತೆ ನಿಂತವರು ಹನ್ನೊಂದು ಜನ. ಅಚ್ಚಿಗೆ ಹಣ ಹಾಕಿದವರೂ ಅವರೇ, ವಾರ ವಾರ ಕೂಡಿಸಿದ ಉಳಿತಾಯದಿಂದ. ಅವರಲ್ಲಿ ಹಿರಿಯರೊಬ್ಬರು, "ಅಕ್ಕಯ್ಯ, ನೀವು ಇನ್ನೊಂದು ಚಿತ್ರ ಬರೆಯಬಹುದು. ನಾವು ಇನ್ನೊಂದು ಅಚ್ಚಿಗೆ ದುಡ್ಡು ಎಲ್ಲಿಂದ ತರೋಣ?" ಎಂದರು. ಅಷ್ಟಾದ ಮೇಲೆ ನಾನು ಬೇಲಿಯ ಬಗ್ಗೆ ಮತ್ತೆ ಯೋಚಿಸಲಿಲ್ಲ. ಮುಂದಿನ ವಿನ್ಯಾಸವನ್ನು ಅರ್ಜಿ ಹಾಕುವವರೆಗೆ ಯಾರಿಗೂ ತೋರಿಸುವುದಿಲ್ಲ ಎಂದು ನಿಶ್ಚಯಿಸಿದೆ.

ಎರಡನೆಯದು ಬೆಣ್ಣೆ ದೋಸೆಯ ಪಾರ್ಸೆಲ್ ಡಬ್ಬಿ. ನಮ್ಮೂರ ದೋಸೆಯನ್ನು ಹೆಂಚಿನಿಂದ ತೆಗೆದ ಮೂರು ನಿಮಿಷದಲ್ಲಿ ತಿನ್ನಬೇಕು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದರೆ ತನ್ನ ಹಬೆಯಲ್ಲೇ ಬೆಂದು ಮೆತ್ತಗಾಗುತ್ತದೆ. ಚಟ್ನಿ, ಪಲ್ಯ ಸಣ್ಣ ಕವರುಗಳಲ್ಲಿ ದಾರ ಬಿಗಿದು ಬರುತ್ತವೆ. ಒಂದು ಪಾರ್ಸೆಲ್ಲಿಗೆ ಮೂರು ಪ್ಲಾಸ್ಟಿಕ್. ಹಬೆ ಹೋಗಲು ಕಿಂಡಿ ಬೇಕು, ಬೆಣ್ಣೆ ಸೋರಬಾರದು, ಬೈಕಿನ ಹ್ಯಾಂಡಲಿಗೆ ತೂಗುಹಾಕಿದಾಗ ಮುಚ್ಚಳ ಬಿಚ್ಚಬಾರದು. ತಳಕ್ಕೊಂದು, ಮುಚ್ಚಳಕ್ಕೊಂದು ಎಂದು ಎರಡು ಜೋಡಿ ಅಚ್ಚು ಮಾಡಿಸಲು ಸಂಘದಲ್ಲಿ ಹಣವಿರಲಿಲ್ಲ. ಆ ಬಡತನವೇ ವಿನ್ಯಾಸವಾಯಿತು. ಒಂದೇ ಅಚ್ಚಿನಿಂದ ಬಂದ ಎರಡು ತುಂಡುಗಳಲ್ಲಿ ಒಂದನ್ನು ತಿರುಗಿಸಿ ಇನ್ನೊಂದರ ಮೇಲೆ ಕವುಚಿದರೆ ಅಂಚುಗಳು ಒಂದಕ್ಕೊಂದು ಕಚ್ಚಿಕೊಳ್ಳುವಂತೆ, ಅಂಚಿನ ಅರ್ಧ ಭಾಗ ಉಬ್ಬು, ಇನ್ನರ್ಧ ತಗ್ಗು ಮಾಡಿದೆ. ಕಾಗದ, ಜೇಡಿಮಣ್ಣು, ಮರ ಹೀಗೆ ನಲವತ್ತಕ್ಕೂ ಹೆಚ್ಚು ಮಾದರಿಗಳಾದವು. ಗೋಡೆ ನೇರವಾಗಿದ್ದಷ್ಟೂ ಹಾಳೆ ಸೀಳುತ್ತಿತ್ತು. ಇಳಿಜಾರು ಹೆಚ್ಚಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಆಳವನ್ನು ಕಡಿಮೆ ಮಾಡುತ್ತಾ ಹೋದಂತೆ ಹಾಳೆಯೇ ತನಗೆ ಬೇಕಾದ ಆಕಾರ ಹೇಳಿಕೊಟ್ಟಂತೆ ಆಯಿತು.

ಅಚ್ಚು ಮಾಡಿಕೊಟ್ಟವರು ಲೋಕಿಕೆರೆ ರಸ್ತೆಯ ಕಡೆ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿರುವ ಒಬ್ಬ ಹಿರಿಯರು. ಹತ್ತಿ ಗಿರಣಿಗಳ ಕಾಲದಲ್ಲಿ ಬಿಡಿಭಾಗ ಕಡೆಯುವುದನ್ನು ಕಲಿತ ಕೈ. ನನ್ನ ಕಂಪ್ಯೂಟರ್ ಚಿತ್ರ ನೋಡಿ, "ತಾಯಿ, ಈ ಮೂಲೆಯಲ್ಲಿ ಹಾಳೆ ಸಿಕ್ಕಿಕೊಳ್ಳುತ್ತದೆ, ಎರಡು ಮಿಲಿಮೀಟರ್ ಬಿಡಿಸಿ" ಎಂದರು. ಅವರ ಮಾತು ಸರಿಯಾಗಿತ್ತು. ಅಚ್ಚಿಗೆ 42,000 ರೂಪಾಯಿ ಆಯಿತು, ತಿದ್ದುಪಡಿಗೆ ಇನ್ನೊಂದು 6,500. ಇಲ್ಲಿ ಒಂದು ವಿಷಯ ಗಮನಿಸಿ. ಅಚ್ಚು ಮಾಡುವವರಿಗೆ ತೋರಿಸದೆ ಅಚ್ಚು ಆಗುವುದಿಲ್ಲ. ನಂಬಿಕೆಯ ಮೇಲೆ, ಗುಟ್ಟಾಗಿಡುವ ಕರಾರಿನಲ್ಲಿ ತೋರಿಸಿದ್ದನ್ನು ಕಾಯ್ದೆ ಪ್ರಕಟಣೆ ಎಂದು ಎಣಿಸುವುದಿಲ್ಲ. ಆದರೂ ಬಾಯಿಮಾತಿಗೆ ಬಿಡಬೇಡಿ. ಕನ್ನಡದಲ್ಲೇ ಅರ್ಧ ಪುಟ ಬರೆದು ಇಬ್ಬರೂ ಸಹಿ ಮಾಡಿ ತಾರೀಖು ಹಾಕಿದೆವು. ಅವರು ಬೇಸರಪಡಬಹುದೆಂದು ಹೆದರಿದ್ದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ನನ್ನ ಕೆಲಸಕ್ಕೂ ಹಿಂದೆ ಯಾರಾದರೂ ಹೀಗೆ ಬರೆದುಕೊಟ್ಟಿದ್ದರೆ" ಎಂದು ಹೇಳಿ ಸಹಿ ಹಾಕಿದರು.

2024ರ ಮಾರ್ಚ್ 12ರಂದು ಅರ್ಜಿ ಹಾಕಿದೆ. ಏಜೆಂಟರು 12,000 ರೂಪಾಯಿ ಕೇಳಿದ್ದರಿಂದ ನಾನೇ ಮಾಡಿದೆ. ವ್ಯಕ್ತಿಯ ಹೆಸರಿನಲ್ಲಿ ಹಾಕಿದರೆ ಸರ್ಕಾರಿ ಶುಲ್ಕ 1,000 ರೂಪಾಯಿ. ಆನ್‌ಲೈನ್ ಸಲ್ಲಿಕೆಗೆ ಡಿಜಿಟಲ್ ಸಹಿಯ ಟೋಕನ್ ಕೊಂಡೆ, ಅದಕ್ಕೆ 1,800 ಆಯಿತು. ಬಹಳ ಜನ ತಪ್ಪುವುದು ಚಿತ್ರಗಳಲ್ಲಿ. ಏಳು ನೋಟ ಬೇಕು: ಮುಂದೆ, ಹಿಂದೆ, ಎಡ, ಬಲ, ಮೇಲೆ, ಕೆಳಗೆ, ಜೊತೆಗೆ ಮೂಲೆಯಿಂದ ಕಾಣುವ ಒಂದು ನೋಟ. ಚಿತ್ರಗಳಲ್ಲಿ ಅಳತೆ ಬರೆಯಬಾರದು. ವಸ್ತು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸುವುದೂ ಬೇಡ, ಏಕೆಂದರೆ ಈ ಕಾಯ್ದೆ ಕಾಯುವುದು ಕಣ್ಣಿಗೆ ಕಾಣುವ ಆಕಾರವನ್ನು ಮಾತ್ರ. ನಾನು ಅತ್ಯಂತ ಹೆಮ್ಮೆಪಟ್ಟಿದ್ದ ಸಂಗತಿ, ಅಂದರೆ ಎರಡು ತುಂಡು ಕಚ್ಚಿಕೊಳ್ಳುವ ಉಪಾಯ, ಈ ನೋಂದಣಿಗೆ ಬರುವುದೇ ಇಲ್ಲ ಎಂದು ತಿಳಿದು ಸ್ವಲ್ಪ ಮಂಕಾದೆ. ಅಂಚು ಕಾಣುವ ರೀತಿಗೆ ರಕ್ಷಣೆ ಇದೆ, ಅದು ಕಚ್ಚುವ ರೀತಿಗೆ ಇಲ್ಲ. ಉಪಾಯವನ್ನು ಕಾಯಬೇಕಾದರೆ ಪೇಟೆಂಟಿನ ದಾರಿ ಹಿಡಿಯಬೇಕು. ಅದು ಇನ್ನೂ ಉದ್ದ, ಖರ್ಚೂ ಹೆಚ್ಚು, ನಾನು ಅತ್ತ ಹೋಗಲಿಲ್ಲ.

ಆಮೇಲೆ ಕಾಯುವುದು. ಅರ್ಜಿ ಎಲ್ಲಿಂದ ಹಾಕಿದರೂ ವಿನ್ಯಾಸಗಳ ಪರಿಶೀಲನೆ ನಡೆಯುವುದು ಕೋಲ್ಕತ್ತಾದಲ್ಲಿ. ಪ್ರತಿ ದಿನ ಬೆಳಿಗ್ಗೆ ಅರ್ಜಿ ಸಂಖ್ಯೆ ಹಾಕಿ ನೋಡುತ್ತಿದ್ದೆ. ಮೇ ಕಳೆಯಿತು, ಜೂನ್ ಕಳೆಯಿತು. ಜುಲೈ 4ರಂದು ಪರಿಶೀಲನಾ ವರದಿ ಬಂದಿತು, ಮೂರು ಆಕ್ಷೇಪಣೆಗಳೊಂದಿಗೆ. ಮೊದಲನೆಯದು ವರ್ಗದ್ದು. ವಸ್ತುಗಳನ್ನು ಲೊಕಾರ್ನೊ ಎಂಬ ಅಂತರರಾಷ್ಟ್ರೀಯ ವರ್ಗೀಕರಣದಂತೆ ವಿಂಗಡಿಸುತ್ತಾರೆ. ತಟ್ಟೆ ಬಟ್ಟಲುಗಳಿರುವ 7ನೇ ವರ್ಗದಲ್ಲಿ ನಾನು ಹಾಕಿದ್ದೆ. ಇದು ಆಹಾರ ಕಟ್ಟಿಕೊಡುವ ಡಬ್ಬಿಯಾದ್ದರಿಂದ 9ನೇ ವರ್ಗಕ್ಕೆ ಬರಬೇಕು ಎಂದರು. ಎರಡನೆಯದು, ತಳದಲ್ಲಿ ಸಂಘದ ಹೆಸರನ್ನು ಉಬ್ಬು ಅಕ್ಷರದಲ್ಲಿ ತೋರಿಸಿದ್ದೆ. ಹೆಸರು, ಗುರುತು, ಟ್ರೇಡ್‌ಮಾರ್ಕ್ ವಿನ್ಯಾಸದ ಭಾಗವಲ್ಲ, ಚಿತ್ರದಿಂದ ತೆಗೆಯಿರಿ ಎಂದರು. ಮೂರನೆಯದು ನನ್ನ ಅಜಾಗರೂಕತೆ: ಹಬೆಯ ಕಿಂಡಿ ಮೂಲೆಯ ನೋಟದಲ್ಲಿತ್ತು, ಮೇಲಿನ ನೋಟದಲ್ಲಿ ಇರಲಿಲ್ಲ.

ವರದಿ ಬಂದ ದಿನದಿಂದ ಆರು ತಿಂಗಳು ಸಮಯವಿದೆ ಎಂದು ನಾನು ನೆಮ್ಮದಿಯಾಗಿದ್ದೆ. ಅದು ತಪ್ಪು. ಆರು ತಿಂಗಳು ಎಣಿಸುವುದು ಅರ್ಜಿ ಹಾಕಿದ ದಿನದಿಂದ. ಅಂದರೆ ಸೆಪ್ಟೆಂಬರ್ 12. ನನಗೆ ಉಳಿದಿದ್ದದ್ದು ಎರಡು ತಿಂಗಳಿಗಿಂತ ಸ್ವಲ್ಪ ಹೆಚ್ಚು. ಶುಲ್ಕ ಕಟ್ಟಿ ಮೂರು ತಿಂಗಳು ಮುಂದೂಡಿಸಿಕೊಳ್ಳಬಹುದು, ಆದರೆ ಅದನ್ನೂ ಗಡುವು ಮುಗಿಯುವ ಮೊದಲೇ ಕೇಳಬೇಕು. ಇದೊಂದನ್ನು ದಯವಿಟ್ಟು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಆಗಸ್ಟ್ 19ರಂದು ಏಳೂ ನೋಟಗಳನ್ನು ಹೊಸದಾಗಿ ಬರೆದು ಉತ್ತರ ಕೊಟ್ಟೆ. ಒಂದು ಸಣ್ಣ ವಿಚಾರಣೆ ವೀಡಿಯೋ ಮೂಲಕ ನಡೆಯಿತು. ಕೋಲ್ಕತ್ತಾಕ್ಕೆ ಹೋಗಬೇಕಾಗಲಿಲ್ಲ. ಪರಿಶೀಲಕರು ಸಮಾಧಾನದಿಂದ ಕೇಳಿದರು, ನಾನು ಡಬ್ಬಿಯನ್ನು ಕ್ಯಾಮೆರಾ ಮುಂದೆ ತಿರುಗಿಸಿ ತೋರಿಸಿದೆ. ನವೆಂಬರಿನಲ್ಲಿ ಪ್ರಮಾಣಪತ್ರ ಬಂದಿತು. ಅದರಲ್ಲಿ ನನ್ನ ಹೆಸರಿತ್ತು. ನಾಲ್ಕೈದು ಸಲ ಓದಿದೆ. ಯಾಕೆ ಅಷ್ಟೊಂದು ಸಲ ಓದಿದೆ ಎಂದು ತಿಳಿಯಲು ಕಲಿಸುವ ಕೆಲಸದ ಕಡೆಗೆ ಬರಬೇಕು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಮೊದಲ ವರ್ಷಕ್ಕೆ ನಾವೀನ್ಯ ಮತ್ತು ವಿನ್ಯಾಸ ಚಿಂತನೆ ಎಂಬ ವಿಷಯ ಬಂದಿತ್ತು. 2023ರಲ್ಲಿ ನಮ್ಮ ಭಾಗದ ಒಂದು ಕಾಲೇಜಿನವರು ಅತಿಥಿ ಉಪನ್ಯಾಸಕ್ಕೆ ಕರೆದರು. ನಾನು ಮೇಜಿನ ಮೇಲೆ ಒಂದು ಚೊಂಬು ಇಟ್ಟು ಮಾತು ಶುರು ಮಾಡಿದೆ. ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಅತ್ಯಂತ ಮೆಚ್ಚಿ ಬರೆದದ್ದು ಈ ಚೊಂಬಿನ ಬಗ್ಗೆಯೇ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಕಂಕುಳಲ್ಲಿ, ತಲೆಯ ಮೇಲೆ, ಕೈಯಲ್ಲಿ ಅದು ಹೇಗೆ ಕೂರುತ್ತದೆ, ಕೊರಳು ಯಾಕೆ ಅಷ್ಟೇ ಕಿರಿದು, ಒಡೆದರೆ ಬೆಸುಗೆ ಹಾಕಿ, ಕೊನೆಗೆ ಕರಗಿಸಿ ಮತ್ತೆ ಚೊಂಬೇ ಹೇಗೆ ಮಾಡುತ್ತಾರೆ ಎಂದು ಮಕ್ಕಳೇ ಹೇಳತೊಡಗಿದರು. ಹಳ್ಳಿಗಳಿಂದ ಬಂದ ಹುಡುಗಿಯರು ಆ ದಿನ ಮೊದಲ ಸಾಲಿಗಿಂತ ಜೋರಾಗಿ ಮಾತಾಡಿದರು. ಗಂಟೆ ಮುಗಿದದ್ದು ಯಾರಿಗೂ ತಿಳಿಯಲಿಲ್ಲ. ನನಗೆ ಈ ಕೆಲಸ ಬೇಕು ಎಂದು ಅಂದೇ ಗೊತ್ತಾಯಿತು.

ಆದರೆ ನನಗೆ ಪಿಎಚ್‌.ಡಿ. ಇಲ್ಲ. ಕಾಲೇಜಿನವರು ತೋರಿಸಿದ ದಾರಿ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಎಂಬ ಹುದ್ದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರಲ್ಲಿ ಇದರ ಮಾರ್ಗಸೂಚಿ ಹೊರಡಿಸಿತು. ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ಅನುಭವ ಇರುವವರನ್ನು ಪಿಎಚ್‌.ಡಿ. ಇಲ್ಲದಿದ್ದರೂ ತೆಗೆದುಕೊಳ್ಳಬಹುದು. ಮಂಜೂರಾದ ಹುದ್ದೆಗಳ ಶೇ. 10ನ್ನು ಮೀರುವಂತಿಲ್ಲ. ಅವಧಿ ಮೂರು ವರ್ಷ, ವಿಶೇಷ ಸಂದರ್ಭದಲ್ಲಿ ಇನ್ನೊಂದು ವರ್ಷ. ಇದು ಕಾಯಂ ಕೆಲಸವಲ್ಲ, ಕಾಯಂ ಹುದ್ದೆಗೆ ಬದಲಿಯೂ ಅಲ್ಲ. ಬರುವವರು ಇದನ್ನು ತಿಳಿದೇ ಬರಬೇಕು. 2024ರ ಜೂನ್‌ನಲ್ಲಿ ಅರ್ಜಿ ಕೊಟ್ಟೆ. ಹದಿನಾರು ವರ್ಷ ದುಡಿದಿದ್ದೇನೆ, ಕಷ್ಟವೇನಿದೆ ಎಂದುಕೊಂಡಿದ್ದೆ.

ಎರಡನೇ ಕಂಪನಿಯ ಹನ್ನೊಂದು ವರ್ಷಕ್ಕೆ ಅನುಭವ ಪ್ರಮಾಣಪತ್ರ, ಭವಿಷ್ಯ ನಿಧಿಯ ಸೇವಾ ವಿವರ ಎಲ್ಲವೂ ಇದ್ದವು. ಮೊದಲ ಸ್ಟುಡಿಯೋ ಎಂದೋ ಮುಚ್ಚಿತ್ತು. ಬಿಡುವಾಗ ನಾನು ಪತ್ರ ಕೇಳಿರಲಿಲ್ಲ, ಅವರು ಕೊಟ್ಟಿರಲಿಲ್ಲ. ಇಪ್ಪತ್ತು ಜನರಿಗಿಂತ ಕಡಿಮೆ ಇದ್ದ ಜಾಗವಾದ್ದರಿಂದ ಭವಿಷ್ಯ ನಿಧಿಯೂ ಇರಲಿಲ್ಲ. ಬ್ಯಾಂಕಿನ ಶಾಖೆಯಲ್ಲಿ ಅಷ್ಟು ಹಳೆಯ ಲೆಕ್ಕ ಕೊಡಲಾಗದು ಎಂದರು. ಕಾಲೇಜಿನ ಕಚೇರಿಯವರು ನಾಲ್ಕು ಸಲ ಕಡತ ಹಿಂತಿರುಗಿಸಿದರು. ಐದು ವರ್ಷ ನಾನು ಎಲ್ಲಿಯೂ ಇರಲೇ ಇಲ್ಲವೇನೋ ಎಂಬಂಥ ವಿಚಿತ್ರ ಸಂಕಟ ಅದು. ಆ ಐದು ವರ್ಷಗಳಲ್ಲೇ ನಾನು ವಿನ್ಯಾಸ ಕಲಿತದ್ದು.

ಕೊನೆಗೆ ಕೈಹಿಡಿದದ್ದು ಆದಾಯ ತೆರಿಗೆಯ 26ಎಎಸ್ ವಿವರಪಟ್ಟಿ. ಸ್ಟುಡಿಯೋದವರು ನನ್ನ ಸಂಬಳದಿಂದ ತೆರಿಗೆ ಮುರಿದು ಕಟ್ಟುತ್ತಿದ್ದರು. 2008-09ರಿಂದ ಆಚೆಗಿನ ಪಟ್ಟಿಗಳು ಈಗಲೂ ಸಿಗುತ್ತವೆ, ಅವುಗಳಲ್ಲಿ ಸಂಸ್ಥೆಯ ಹೆಸರು, ತಾರೀಖು, ಮೊತ್ತ ಇರುತ್ತದೆ. ಅದರಿಂದ ಮೂರು ವರ್ಷ ಸಿಕ್ಕಿತು. ಹನ್ನೊಂದು, ಮೂರು, ಹದಿನಾಲ್ಕು. ಒಂದು ವರ್ಷ ಕಡಿಮೆ. ಹಳೆಯ ಯಜಮಾನರನ್ನು ಹುಡುಕಿಕೊಂಡು ಮೈಸೂರಿಗೆ ಹೋದೆ. ಎಪ್ಪತ್ತು ದಾಟಿದ್ದಾರೆ, ಕೈ ನಡುಗುತ್ತದೆ. ಹಳೆಯ ಪೆಟ್ಟಿಗೆಯಿಂದ ನನ್ನ ಕೈಬರಹದ ಸ್ಕೆಚ್ಚುಗಳನ್ನು ತೆಗೆದು ಕೊಟ್ಟರು. ಪ್ರತಿಯೊಂದರ ಮೂಲೆಯಲ್ಲೂ ತಾರೀಖು ಇತ್ತು, ಹಾಕಲೇಬೇಕೆಂದು ಅವರೇ ಕಲಿಸಿದ್ದು. 100 ರೂಪಾಯಿಯ ಛಾಪಾ ಕಾಗದದ ಮೇಲೆ ಅಫಿಡವಿಟ್ ಬರೆಸಿ, ನೋಟರಿ ಮುಂದೆ ಸಹಿ ಹಾಕಿದರು. ದಾವಣಗೆರೆಯಲ್ಲಿ ಸ್ವಂತವಾಗಿ ಕೆಲಸ ಮಾಡಿದ ವರ್ಷಗಳಿಗೆ ಸಣ್ಣ ಉದ್ಯಮಗಳಿಗಾಗಿ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮತ್ತು ತೆರಿಗೆ ರಿಟರ್ನ್ ಲಗತ್ತಿಸಿದೆ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಊರಿಗೆ ಬಂದ ಮೊದಲ ವಾರವೇ ಮಾಡಿಸಿಕೊಂಡರೆ ಆ ದಿನದಿಂದಲೇ ಲೆಕ್ಕ ಸಿಗುತ್ತದೆ. ಈಗ ಕೆಲಸದಲ್ಲಿರುವವರಿಗೆ ಒಂದೇ ಮಾತು: ಬಿಡುವ ದಿನವೇ ಪತ್ರ ಕೇಳಿ, ಅದರಲ್ಲಿ ನೀವು ಕೆಲಸ ಮಾಡಿದ ಉತ್ಪನ್ನಗಳ ಹೆಸರನ್ನೂ ಬರೆಸಿ.

ಉತ್ಪನ್ನಗಳ ಹೆಸರು ಯಾಕೆ ಎಂದರೆ, ವರ್ಷಗಳ ಲೆಕ್ಕ ಮುಗಿದ ಮೇಲೆ ಆಯ್ಕೆ ಸಮಿತಿ ಕೇಳಿದ್ದು ಕೆಲಸದ ಪುರಾವೆ. ನಾನು ಆಕಾರ ಕೊಟ್ಟ ಹದಿನೆಂಟು ವಸ್ತುಗಳು ಅಂಗಡಿಗೆ ಬಂದಿವೆ. ಹಲವು ವಿನ್ಯಾಸಗಳು ನೋಂದಣಿಯೂ ಆಗಿವೆ. ಆ ದಾಖಲೆಗಳನ್ನು ತೆಗೆದು ನೋಡಿದಾಗ ಒಂದರಲ್ಲೂ ನನ್ನ ಹೆಸರಿಲ್ಲ. ನಮ್ಮ ದೇಶದ ವಿನ್ಯಾಸ ನೋಂದಣಿಯಲ್ಲಿ ದಾಖಲಾಗುವುದು ಒಡೆತನ ಇರುವವರ ಹೆಸರು, ಬರೆದವರದಲ್ಲ. ಉದ್ಯೋಗಿಯಾಗಿ ಮಾಡಿದ್ದು ಕಂಪನಿಗೆ ಸೇರುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಮ್ಮನ ಅಡುಗೆಮನೆಯಲ್ಲಿರುವ ಜಾರಿನ ಹಿಡಿ ನನ್ನದೆಂದು ಸಮಿತಿಗೆ ತೋರಿಸಲು ನನ್ನ ಬಳಿ ಒಂದು ತುಂಡು ಕಾಗದವಿರಲಿಲ್ಲ. ಹದಿನೆಂಟು ವಸ್ತುಗಳ ಬದಲಿಗೆ ನಾನು ಮುಂದಿಟ್ಟದ್ದು ಒಂದು ದೋಸೆ ಡಬ್ಬಿ ಮತ್ತು ಅದರ ಪ್ರಮಾಣಪತ್ರ. ಹೆಸರು ಇದ್ದದ್ದು ಅದೊಂದರಲ್ಲೇ.

ಸಮಿತಿಯ ಸಭೆ ಕೂಡಿದ್ದು 2025ರ ಜೂನ್‌ನಲ್ಲಿ. ಅದಕ್ಕೆ ಒಂದು ತಿಂಗಳು ಮೊದಲು, ಮೇ ತಿಂಗಳಲ್ಲಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳನ್ನು ಆಹಾರಕ್ಕೆ ಬಳಸಬಾರದು, ಮಾರಬಾರದು ಎಂದು ಹೇಳಿತು. ಅಡಿಕೆಯಲ್ಲಿ ಇರುವಂಥ ಆಲ್ಕಲಾಯ್ಡ್ ಎಂಬ ಹಾನಿಕರ ರಾಸಾಯನಿಕಗಳು ಹಾಳೆಯಿಂದ ಆಹಾರಕ್ಕೆ ಇಳಿಯಬಹುದು ಎಂಬುದು ಕಾರಣ. ನಮ್ಮ ಸಂಘದ ಡಬ್ಬಿ ಅಮೆರಿಕಕ್ಕೆ ಹೋಗುತ್ತಿರಲಿಲ್ಲ. ಆದರೂ ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ತಲೆಮಾರುಗಳಿಂದ ಹಾಳೆಯಲ್ಲಿ ಉಂಡಿದ್ದೇವೆ ಎಂದು ಹಲವರು ಹೇಳಿದರು. ಸಂಘದ ಹೆಂಗಸರು ನನ್ನ ಮುಖ ನೋಡುತ್ತಾ ಕೂತರು. ಬಿಸಿ ಬೆಣ್ಣೆ ಸುರಿಯುವ ದೋಸೆ ಮುಟ್ಟುವ ವಸ್ತು ಇದು. ಮಣ್ಣಿಗೆ ಬಿದ್ದರೆ ಕೊಳೆಯುತ್ತದೆ ಎಂಬುದನ್ನು ನಾನು ಹತ್ತು ಸಲ ಪರೀಕ್ಷಿಸಿದ್ದೆ, ಬಾಯಿಗೆ ಹೋಗುವ ದಾರಿಯನ್ನು ಒಂದು ಸಲವೂ ಪರೀಕ್ಷಿಸಿರಲಿಲ್ಲ.

ಸಂದರ್ಶನದಲ್ಲಿ ಇಬ್ಬರು ಹಿರಿಯ ಪ್ರಾಧ್ಯಾಪಕರು, ಹೊರಗಿನ ಒಬ್ಬ ತಜ್ಞೆ. ತಜ್ಞೆ ಡಬ್ಬಿಯನ್ನು ತೆರೆದು ಮುಚ್ಚಿ ನೋಡಿ ನೇರವಾಗಿ ಕೇಳಿದರು, "ಇದು ಸುರಕ್ಷಿತವೇ?" ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಿದ್ದೇವೆ, ವರದಿ ಬರುವವರೆಗೆ ದೋಸೆಯ ಕೆಳಗೆ ಬಾಳೆ ಎಲೆಯ ತುಂಡು ಹಾಸದೆ ಒಂದೂ ಡಬ್ಬಿ ಹೋಟೆಲಿಗೆ ಕೊಡುವುದಿಲ್ಲ, ವರದಿ ವಿರುದ್ಧವಾಗಿ ಬಂದರೆ ಇದೇ ಅಚ್ಚಿನಲ್ಲಿ ಬೇರೆ ವಸ್ತು ಒತ್ತಲು ನೋಡುತ್ತೇವೆ, ಇಲ್ಲವಾದರೆ ಒಣ ತಿಂಡಿಗೆ ಬಳಸುತ್ತೇವೆ. ಅಷ್ಟು ಹೇಳುವಾಗ ಗಂಟಲು ಕಟ್ಟಿತು. ಅವರು ಏನನ್ನೋ ಬರೆದುಕೊಂಡರು. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಕೆಲಸ ಸಿಗುವುದಿಲ್ಲ ಎಂದೇ ಅಂದುಕೊಂಡು ಬಸ್ ಹತ್ತಿದೆ. ಏಳು ವಾರಗಳ ನಂತರ ಆದೇಶ ಬಂದಿತು.

ಗೌರವಧನ ಬೆಂಗಳೂರಿನ ಸಂಬಳದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಮನೆಯವರೊಂದಿಗೆ ಮೊದಲೇ ಕೂತು ಮಾತಾಡಿ. ಎಲ್ಲ ಸೇರಿ ಎರಡು ಕಾಗದಗಳಿಗೆ ಅಂದರೆ ನೋಂದಣಿ ಮತ್ತು ನೇಮಕಾತಿಗೆ, ಓಡಾಟ, ನೋಟರಿ, ಝೆರಾಕ್ಸ್ ಸಮೇತ ನನಗೆ ತಗುಲಿದ್ದು ಸುಮಾರು 14,000 ರೂಪಾಯಿ. ಅಚ್ಚಿನದು ಬೇರೆ. ಸಂಘಕ್ಕೆ ಡಬ್ಬಿ ತಯಾರಿಸುವ ಹಕ್ಕು ಕೊಟ್ಟಿರುವುದನ್ನು ಬರವಣಿಗೆಯ ಒಪ್ಪಂದವಾಗಿ ಮಾಡಿದ್ದೇವೆ. ಅಂಥ ಒಪ್ಪಂದವನ್ನೂ ಆರು ತಿಂಗಳೊಳಗೆ ವಿನ್ಯಾಸ ಕಚೇರಿಯಲ್ಲಿ ದಾಖಲಿಸಲು ಅರ್ಜಿ ಹಾಕಬೇಕು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ.

ಮೊದಲ ತರಗತಿಗೆ ಅಚ್ಚನ್ನೇ ಹೊತ್ತುಕೊಂಡು ಹೋಗಿದ್ದೆ. ಸೀಳಿದ ಮಾದರಿಗಳನ್ನು ಸಾಲಾಗಿ ಇಟ್ಟು, ಯಾವುದು ಯಾಕೆ ಸೀಳಿತು ಎಂದು ಗುಂಪುಗಳಲ್ಲಿ ಹುಡುಕಲು ಹೇಳಿದೆ. ಮಂಡಕ್ಕಿ ಭಟ್ಟಿಯಲ್ಲಿ ಅಪ್ಪ ಕೆಲಸ ಮಾಡುತ್ತಾರೆ ಎಂದ ಒಬ್ಬ ಹುಡುಗ, ಭತ್ತದ ಹೊಟ್ಟನ್ನು ಈ ಅಚ್ಚಿನಲ್ಲಿ ಒತ್ತಲು ಆಗುತ್ತದೆಯೇ ಎಂದು ಕೇಳಿದ. ಅಂಟಿಲ್ಲದೆ ಅದು ಹಿಡಿದುಕೊಳ್ಳುವುದಿಲ್ಲ ಎಂದೆ. ಅಂಟು ಅಂದರೆ ಗಂಜಿ ಆಗಬಹುದೇ ಎಂದ. ಮುಂದಿನ ಸೋಮವಾರ ಒಂದು ಚೀಲ ಹೊಟ್ಟು ತರುತ್ತಾನಂತೆ.

ಎಲ್ಲ ತರಗತಿಗಳ ಮೊದಲ ದಿನವೂ ಮಕ್ಕಳಿಗೆ ನಾನು ಹೇಳುವ ಕೆಲಸ ಒಂದೇ: ಸ್ಕೆಚ್ಚಿನ ಮೂಲೆಯಲ್ಲಿ ಹೆಸರು, ತಾರೀಖು. ನನ್ನ ನೋಂದಣಿಗೆ 2034ರ ಮಾರ್ಚ್ 12ಕ್ಕೆ ಹತ್ತು ವರ್ಷ ತುಂಬುತ್ತದೆ. ಅದಕ್ಕೆ ಮೊದಲು ಅವಧಿ ವಿಸ್ತರಣೆಯ ಅರ್ಜಿಯಾದ ಫಾರಂ 3 ಹಾಕಿದರೆ ಇನ್ನೈದು ವರ್ಷ ಸಿಗುತ್ತದೆ. ಸಂಘದ ಕಬ್ಬಿಣದ ಬೀರುವಿನ ಬಾಗಿಲ ಒಳಗೆ ಆ ತಾರೀಖನ್ನು ಬಣ್ಣದಲ್ಲಿ ಬರೆಸಿದ್ದೇವೆ.